ಸಹಿ ಮಾತ್ರ ನನ್ನದು

2019ರ ಡಿಸೆಂಬರ್. ಮದುವೆಯಾಗಿ ಬ್ರಿಟನ್ನಿಗೆ ಬಂದ ಮೇಲೆ ನನ್ನ ಮೊದಲ ಚುನಾವಣೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನು ಪ್ರಕಾರ ವಾಸವಿದ್ದರೆ ಸಾಕು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಓಟು ಹಾಕಬಹುದು. ಅದು ಗೊತ್ತಾದಾಗ ತುಂಬಾ ಖುಷಿಯಾಗಿತ್ತು.

ಮನೆಯ ನಾಲ್ವರಿಗೂ ಅಂಚೆಯಲ್ಲೇ ಮತಪತ್ರ ಬಂತು. ಮಾವ ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಹರಡಿದರು. ಕರೆಂಟ್ ಬಿಲ್ಲು, ವೀಸಾ ಅರ್ಜಿ, ಮನೆಯ ಕಾಗದಪತ್ರವೆಲ್ಲ ಅವರೇ ನೋಡುವುದು. "ಹುಟ್ಟಿದ ತಾರೀಕು ಬರೆದು ಸೈನ್ ಹಾಕಮ್ಮಾ, ಸಾಕು. ಉಳಿದಿದ್ದು ನಾನು ನೋಡ್ಕೋತೀನಿ" ಅಂದರು. ಹಾಕಿದೆ. ನನ್ನ ಕಣ್ಣೆದುರೇ ನನ್ನ ಮತಪತ್ರದ ಮೇಲೆ ನೀಲಿ ಪೆನ್ನಿನಿಂದ ಕ್ರಾಸ್ ಹಾಕಿದರು. ಮಡಚಿ ‘ಎ’ ಲಕೋಟೆಗೆ ಸೇರಿಸಿದರು. ಅದನ್ನೂ ಸಹಿಯ ಹಾಳೆಯನ್ನೂ ‘ಬಿ’ ಲಕೋಟೆಗೆ ತುಂಬಿ ಅಂಟಿಸಿದರು. ಅತ್ತೆ ಕನ್ನಡಕವನ್ನೂ ಹಾಕಿಕೊಳ್ಳದೆ ಸೈನ್ ಮಾಡಿ ಒಳಗೆ ಹೋದರು. ಗಂಡ ಫೋನಿನಿಂದ ತಲೆ ಎತ್ತಲಿಲ್ಲ.

ಯಾರೂ ಗದರಿಸಲಿಲ್ಲ. ಮಾವ ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ಅದಕ್ಕೇ ಬಾಯಿ ಬರಲಿಲ್ಲ. ಬೇರೆ ಪಕ್ಷಕ್ಕೆ ಹಾಕಬೇಕು ಅಂತಿದ್ದೆ ಅಂತ ಆ ಮೇಜಿನ ಮುಂದೆ ಹೇಗೆ ಹೇಳೋದು?

ಅಂಚೆ ಮತದ ಮೋಸ ಅಂದರೆ ಎಲ್ಲರೂ ಬರ್ಮಿಂಗ್‌ಹ್ಯಾಮ್ ಕಥೆ ಹೇಳುತ್ತಾರೆ. 2004ರ ನಗರಸಭೆ ಚುನಾವಣೆಯಲ್ಲಿ ಅಲ್ಲಿನ ಎರಡು ವಾರ್ಡುಗಳಲ್ಲಿ ಕಳ್ಳ ಅಂಚೆ ಮತ ಬಿದ್ದಿದ್ದವು. ಮರುವರ್ಷ ನ್ಯಾಯಾಧೀಶರು ಎರಡೂ ಕಡೆಯ ಫಲಿತಾಂಶ ರದ್ದು ಮಾಡಿದರು. ಆಮೇಲೆ 2006ರ ಕಾಯ್ದೆಯಿಂದ ಸಹಿ, ಹುಟ್ಟಿದ ತಾರೀಕು ತಾಳೆ ನೋಡುವ ಪದ್ಧತಿ ಬಂತು. ಒಳ್ಳೆಯದೇ. ಆದರೆ ನಮ್ಮ ಮನೆಯ ಲಕೋಟೆಯಲ್ಲಿ ಸಹಿ ನನ್ನದೇ, ತಾರೀಕೂ ನನ್ನದೇ. ತಾಳೆ ನೋಡಿದರೆ ಸಿಕ್ಕಿಬೀಳುವಂಥದ್ದು ಏನಿದೆ? ಅಂಚೆ ಮತಕ್ಕೂ ಗುಟ್ಟಿನ ರಕ್ಷಣೆ ಕೊಡುವ ಕಾನೂನು 2022ರಲ್ಲಿ ಬಂದಿದೆ, ನಿಜ. ಆದರೆ ಮಾವನ ಮೇಲೆ ದೂರು ಕೊಡುವ ಸೊಸೆ ಎಲ್ಲಿದ್ದಾಳೆ?

ಹಾಸಿಗೆ ಹಿಡಿದವರಿಗೆ, ದೂರದಲ್ಲಿ ದುಡಿಯುವವರಿಗೆ ಅಂಚೆ ಮತ ಬೇಕೇ ಬೇಕು. ನನಗೆ ಬೇಡವಾಗಿತ್ತು.

2024ರ ಜುಲೈ ಚುನಾವಣೆ ಘೋಷಣೆಯಾದ ವಾರವೇ ನನ್ನ ಅಂಚೆ ಮತ ರದ್ದು ಮಾಡಿಸಿದೆ. ಮತದಾನಕ್ಕೆ 11 ಕೆಲಸದ ದಿನ ಮೊದಲೇ ತಿಳಿಸಬೇಕು. "ಯಾಕಮ್ಮಾ, ಸುಮ್ನೆ ಓಡಾಟ?" ಅಂದರು ಮಾವ. "ನಡೆದು ಹೋಗಿ ಬರ್ತೀನಿ ಮಾವ" ಅಂದೆ. ಅಷ್ಟು ಹೇಳುವುದಕ್ಕೇ ಎದೆ ಹೊಡೆದುಕೊಂಡಿತು.

ಮತಗಟ್ಟೆಯಲ್ಲಿ ಪಾಸ್‌ಪೋರ್ಟ್ ತೋರಿಸಿದೆ. ಮರದ ಹಲಗೆಯ ಮರೆ, ದಾರ ಕಟ್ಟಿದ ಮೋಟು ಪೆನ್ಸಿಲ್ಲು. ಪಟ್ಟಿಯನ್ನು ಎರಡು ಸಲ ಓದಿದೆ. ಯಾರೂ ಅವಸರ ಮಾಡಲಿಲ್ಲ.

ಆ ರಾತ್ರಿ ಪಾತ್ರೆ ಒರೆಸುತ್ತಾ ಅತ್ತೆ ಮೆಲ್ಲಗೆ ಕೇಳಿದರು, "ಅಲ್ಲಿ ಒಬ್ಬೊಬ್ಬರೇ ಒಳಗೆ ಹೋಗೋದಾ?"

"ಹೂಂ ಅತ್ತೆ, ಒಬ್ಬೊಬ್ಬರೇ."

ಅವರು ಇನ್ನೇನೂ ಕೇಳಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನೇ ಬಹಳ ಹೊತ್ತು ಒರೆಸುತ್ತಾ ನಿಂತರು.