ಪಿರೆನೀಸ್ ಬುಡದ ಹಳ್ಳಿಮನೆಗೆ ಜನರನ್ನ ಕಳಿಸೋ ಮುಂಚೆ ನಾನು ಕೇಳೋ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ಟ್ರಾವೆಲ್ ಪ್ಲಾನಿಂಗ್ ಕೆಲಸ ಮಾಡ್ತೀನಿ. ಮುಂಚೆ ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇ ಬುಕಿಂಗ್ ನೋಡ್ಕೋತಿದ್ದೆ, ಈಗ ಹೆಚ್ಚಾಗಿ ಯುರೋಪಿಗೆ ಹೋಗೋ ಫ್ಯಾಮಿಲಿಗಳದ್ದು. ಇದರಲ್ಲಿ ನನಗೆ ತುಂಬಾ ಇಷ್ಟದ ಕೆಲಸ ಅಂದ್ರೆ ಪ್ಯಾರಿಸ್, ಸ್ವಿಸ್ ಎಲ್ಲಾ ಒಂದ್ಸಲ ಓಡಾಡ್ಕೊಂಡು ಬಂದವರನ್ನ ದಕ್ಷಿಣ ಫ್ರಾನ್ಸಿನ ಆರಿಯೇಜ್ ಜಿಲ್ಲೆಗೆ ಕಳಿಸೋದು, ಒಂದು ವಾರ ಪೂರ್ತಿ ಒಂದೇ ಹಳ್ಳಿಮನೇಲಿ ಇರೋ ಹಾಗೆ. ಟುಲೂಸ್‌ನಲ್ಲಿ ಇಳಿದು ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಡ್ರೈವ್ ಮಾಡಿದ್ರೆ ಎದುರಿಗೆ ಪಿರೆನೀಸ್ ಬೆಟ್ಟ, ಅಕ್ಕಪಕ್ಕದಲ್ಲಿ ಮಧ್ಯಯುಗದ ಊರುಗಳು, ಆಚೆ ಸ್ಪೇನು, ಅಂಡೋರಾ.

ಈ ಕೆಲಸದಲ್ಲಿ ನಾನು ಕಲಿತಿದ್ದು ಇಷ್ಟೇ, ಯಾವ ಕೋಟೆ ನೋಡ್ಬೇಕು ಅನ್ನೋದನ್ನ ಆಮೇಲೆ ಮಾತಾಡೋಣ, ಮೊದಲು ಈ ಮನೆಯವರು ಬೆಳಿಗ್ಗೆ ಏನ್ ತಿಂತಾರೆ, ಹೇಗೆ ಸ್ನಾನ ಮಾಡ್ತಾರೆ, ಯಾರಿಗೆ ಮಂಡಿನೋವು ಇದೆ ಅಂತ ತಿಳ್ಕೋಬೇಕು. ಇದನ್ನ ಕೇಳದೆ ಫೋಟೋ ನೋಡಿ ಮನೆ ಹಿಡಿದ್ರೆ ಎಷ್ಟು ಚಂದದ ಬೆಟ್ಟ ಇದ್ರೂ ರಜೆ ಕೆಡುತ್ತೆ.

ಅಲ್ಲಿ ಇಂಥ ಬಾಡಿಗೆ ಮನೇನ ಝೀತ್ ಅಂತಾರೆ. ಎರಡನೇ ಮಹಾಯುದ್ಧ ಆದ್ಮೇಲೆ ಹಳ್ಳಿಗಳು ಖಾಲಿ ಆಗ್ತಿದ್ವು, ಬಳಸದೇ ಬಿದ್ದಿದ್ದ ಮನೆ, ಕೊಟ್ಟಿಗೆಗಳನ್ನ ರಿಪೇರಿ ಮಾಡಿಸಿ ಪಟ್ಟಣದವರಿಗೆ ರಜೆಗೆ ಕೊಟ್ರೆ ರೈತರಿಗೆ ಎರಡನೇ ಆದಾಯ ಆಗುತ್ತೆ ಅಂತ ಶುರುವಾಗಿದ್ದು ಇದು. ಮೊದಲನೇದು 1951ರಲ್ಲಿ ಆಲ್ಪ್ಸ್ ಕಡೆ ತೆರೆದಿದ್ದು, 1955ರಲ್ಲಿ ಝೀತ್ ದ ಫ್ರಾನ್ಸ್ ಅನ್ನೋ ಒಕ್ಕೂಟ ಆಯ್ತು. ಅವರು ಮನೆಗಳಿಗೆ ಸ್ಟಾರ್ ಬದಲು ಗೋಧಿ ತೆನೆ ಕೊಡ್ತಾರೆ, ಒಂದರಿಂದ ಐದರ ತನಕ. ಇದನ್ನ ನಾನು ಪ್ರತಿ ಕಸ್ಟಮರ್‌ಗೂ ಹೇಳ್ತೀನಿ, ಯಾಕಂದ್ರೆ ನಮ್ಮವರ ತಲೇಲಿ ಇರೋದು ಮಲೆನಾಡಿನ ಹೋಮ್‌ಸ್ಟೇ, ಹೋಗಿ ಕೂತ ತಕ್ಷಣ ಅಕ್ಕಿರೊಟ್ಟಿ ಬರುತ್ತೆ, ರಾತ್ರಿಗೆ ಏನ್ ಮಾಡ್ಲಿ ಅಂತ ಮನೆಯವರೇ ಬಂದು ಕೇಳ್ತಾರೆ. ಝೀತ್‌ನಲ್ಲಿ ಓನರ್ ಕೀ ಕೊಟ್ಟು, ಮನೆ ತೋರಿಸಿ ಹೋಗ್ತಾರೆ, ಅಡುಗೆ ನಮ್ದೇ, ಎಷ್ಟೋ ಕಡೆ ಬೆಡ್‌ಶೀಟು, ಟವಲು ಕೂಡ ಬೇರೆ ಬಾಡಿಗೆ, ಹೊರಡೋವಾಗ ಮನೆ ಗುಡಿಸಿ ಒರೆಸಿ ಹೋಗ್ಬೇಕು, ಇಲ್ಲಾಂದ್ರೆ ಕ್ಲೀನಿಂಗ್ ಚಾರ್ಜ್ ಕಟ್ಬೇಕು. ಬೆಳಿಗ್ಗೆ ತಿಂಡಿ ಯಾರಾದ್ರೂ ಕೊಡ್ಲೇಬೇಕು ಅನ್ನೋವ್ರಿಗೆ ಶಾಂಬ್ರ್ ದೋತ್ ಅಂತ ಬೇರೆ ಪದ್ಧತಿ ಇದೆ, ಓನರ್ ಮನೇಲೇ ರೂಮು, ತಿಂಡಿ ಸೇರಿಸಿ. ಆದ್ರೆ ಅಲ್ಲಿ ನಮಗೆ ಅಡುಗೆಮನೆ ಸಿಗೋದು ಅಪರೂಪ, ಸಸ್ಯಾಹಾರಿಗಳಿಗೆ ನಾನಂತೂ ಅದನ್ನ ಹೇಳಲ್ಲ. ಆ ಸೀಮೆ ಊಟ ಅಂದ್ರೆ ಬಾತುಕೋಳಿ, ಹಂದಿ, ಕಸೂಲೆ ಅನ್ನೋ ಬೀನ್ಸ್ ಹಾಕಿದ ಮಾಂಸದ ಅಡುಗೆ.

ಹಾಗಾಗಿ ಅಡುಗೆಮನೆ ವಿಷ್ಯಕ್ಕೆ ನಾನು ಜಾಸ್ತಿ ಟೈಮ್ ಕೊಡ್ತೀನಿ. ಓನರ್‌ಗೆ ಬರೆದು ಒಲೆಯ ಫೋಟೋ ತರಿಸ್ಕೋತೀನಿ, ಗ್ಯಾಸಾ, ಸಾದಾ ಕರೆಂಟ್ ಒಲೇನಾ, ಇಂಡಕ್ಷನ್ನಾ ಅಂತ. ಇಂಡಕ್ಷನ್ ಆದ್ರೆ ನಮ್ಮ ಹಳೇ ಅಲ್ಯೂಮಿನಿಯಂ ಕುಕ್ಕರ್ ಬಿಸಿನೇ ಆಗಲ್ಲ. ಫ್ರಿಡ್ಜ್ ಮೇಲಿರೋ ಮ್ಯಾಗ್ನೆಟ್ ತಗೊಂಡು ಕುಕ್ಕರ್ ತಳಕ್ಕೆ ಅಂಟಿಸಿ ನೋಡಿ, ಗಟ್ಟಿಯಾಗಿ ಕಚ್ಕೊಂಡ್ರೆ ಪ್ಯಾಕ್ ಮಾಡಿ, ಜಾರಿ ಬಿದ್ರೆ ಮನೇಲೇ ಬಿಟ್ಟು ಹೋಗಿ ಅಂತೀನಿ. ಮೈಸೂರಿನ ಒಬ್ಬ ರಿಟೈರ್ಡ್ ಟೀಚರ್ ಫೋನಲ್ಲೇ ಒಂದೊಂದೇ ಪಾತ್ರೆ ತೆಗೆದು ಅಂಟಿಸಿ ನೋಡಿದ್ರು, "ಇದು ಹಿಡೀತು ಕಣಮ್ಮ, ಒಗ್ಗರಣೆ ಸೌಟು ಹಿಡೀಲಿಲ್ಲ" ಅಂತ, ನನಗೆ ಅಷ್ಟು ಖುಷಿ ಆಯ್ತು, ಇಷ್ಟು ತಯಾರಿ ಮಾಡ್ಕೊಂಡು ಹೋಗೋವ್ರಿಗೆ ಅಲ್ಲಿ ಏನೂ ಕಷ್ಟ ಆಗಲ್ಲ. ಒಗ್ಗರಣೆ ಅಂದಾಗ ನೆನಪಾಯ್ತು, 2015ರಿಂದ ಫ್ರಾನ್ಸಿನ ಎಲ್ಲಾ ಮನೆಗಳಲ್ಲೂ ಸ್ಮೋಕ್ ಡಿಟೆಕ್ಟರ್ ಕಡ್ಡಾಯ, ಒಣಮೆಣಸಿನಕಾಯಿ ಹಾಕೋ ಮುಂಚೆ ಕಿಟಕಿ ತೆಗೀಬೇಕು.

ತುಪ್ಪ ತಗೊಂಡು ಹೋಗ್ಬೇಡಿ. ಯುರೋಪಿಯನ್ ಯೂನಿಯನ್ ಒಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ, ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ತೊಗರಿಬೇಳೆ ತಗೊಂಡು ಹೋಗಿ, ಅಲ್ಲಿ ಉಪ್ಪು ಹಾಕದ ಬೆಣ್ಣೆ ಬಲು ಚೆನ್ನಾಗಿರುತ್ತೆ, ಅದನ್ನ ಕಾಯಿಸಿದ್ರೆ ಮನೇಲೇ ಘಮಘಮ ತುಪ್ಪ. ಚೀಸ್ ಬಗ್ಗೆ ಮಾತ್ರ ಕಟ್ಟುನಿಟ್ಟಿನವರಿಗೆ ಹೇಳಿಬಿಡ್ತೀನಿ, ಹಳೇ ಕ್ರಮದ ಚೀಸ್‌ಗಳಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ.

ಸ್ನಾನದ್ದು ಇನ್ನೊಂದು. ಹಳ್ಳಿಮನೆಗಳಲ್ಲಿ ಎಷ್ಟೋ ಕಡೆ ಒಂದು ದೊಡ್ಡ ಟ್ಯಾಂಕ್ ಗೀಸರ್ ಇರುತ್ತೆ, ರಾತ್ರಿ ಕಡಿಮೆ ರೇಟಿನ ಕರೆಂಟಲ್ಲಿ ಕಾದು ಕೂತಿರುತ್ತೆ, ಬೆಳಿಗ್ಗೆ ಆರು ಜನ ಸಾಲಾಗಿ ಶವರ್ ಕೆಳಗೆ ನಿಂತ್ರೆ ಐದನೆಯವರಿಗೆ ತಣ್ಣೀರು, ಮತ್ತೆ ಕಾಯೋಕೆ ಗಂಟೆಗಟ್ಟಲೆ ಬೇಕು. ಟ್ಯಾಂಕ್ ಎಷ್ಟು ಲೀಟರು ಅಂತ ಕೇಳಿ, ಅರ್ಧ ಜನ ರಾತ್ರಿ ಸ್ನಾನ ಮಾಡಿ ಅಂತ ಮೊದಲೇ ಹೇಳ್ತೀನಿ. ಸೂಪರ್ ಮಾರ್ಕೆಟಲ್ಲಿ ಒಂದು ಬಕೆಟ್, ಒಂದು ಮಗ್ ಕೊಂಡ್ಕೊಳ್ಳಿ, ನಮ್ಮ ಅಭ್ಯಾಸಕ್ಕೂ ಆಗುತ್ತೆ, ನೀರೂ ಉಳಿಯುತ್ತೆ. ಟಾಯ್ಲೆಟ್ ಬಹಳ ಕಡೆ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತೆ, ವೆಟ್ ವೈಪ್ಸ್, ಪ್ಯಾಡ್ ಹಾಕಲೇಬಾರದು. ಇದನ್ನ ಹೇಳೋಕೆ ನನಗೆ ಯಾವ ಮುಜುಗರನೂ ಇಲ್ಲ.

ಹಳೇ ಕಲ್ಲಿನ ಮನೆಗಳಾದ್ದರಿಂದ ಮೆಟ್ಟಿಲು ಕಡಿದಾಗಿರುತ್ತೆ, ತೊಲೆ ತಲೆಗೆ ತಾಗುತ್ತೆ. ಅಜ್ಜಿ ತಾತ ಜೊತೆಗಿದ್ರೆ ಕೆಳಗಡೇನೇ ಒಂದು ಬೆಡ್‌ರೂಮು, ಒಂದು ಬಾತ್‌ರೂಮು ಇರೋ ಮನೆ ಮಾತ್ರ.

ಇನ್ನು ವಾರದ ಲೆಕ್ಕ. ಜುಲೈ ಆಗಸ್ಟಲ್ಲಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರ, ಒಳಗೆ ಬಿಡೋದು ಸಂಜೆ ನಾಲ್ಕೋ ಐದೋ ಗಂಟೆಗೆ. ಹಳ್ಳಿ ಕಡೆ ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ಮುಚ್ಚಿರ್ತಾವೆ, ಅದಕ್ಕೆ ಶನಿವಾರ ದಾರೀಲೇ ಹಾಲು, ಅಕ್ಕಿ, ತರಕಾರಿ ತಗೊಂಡೇ ಮನೆಗೆ ಹೋಗ್ಬೇಕು. ಭಾನುವಾರ ಎಲ್ಲೂ ಹೋಗ್ಬೇಡಿ ಅಂತ ಪ್ಲಾನಲ್ಲೇ ಬರೀತೀನಿ. ಕೆಲವರಿಗೆ ಇದು ಕಾಸು ಕೊಟ್ಟು ಸುಮ್ನೆ ಕೂತ ಹಾಗೆ ಅನ್ಸುತ್ತೆ, ಆದ್ರೆ ಅಷ್ಟು ದೂರ ಹಾರಿ ಬಂದ ವಯಸ್ಸಾದವರಿಗೆ ಆ ಒಂದು ದಿನ ಅಂಗಳದಲ್ಲಿ ಬೆಟ್ಟ ನೋಡ್ಕೊಂಡು ಕೂರೋದು ಬೇಕೇ ಬೇಕು, ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಸೋಮವಾರ ಬೆಳಿಗ್ಗೆ ಮಿರ್ಪ್ವಾ ಸಂತೆ. 13ನೇ ಶತಮಾನದ ಕೊನೇಲಿ ಪ್ರವಾಹದಲ್ಲಿ ಹಳೇ ಊರು ಕೊಚ್ಚಿಹೋಗಿ, ನದಿಯ ಇನ್ನೊಂದು ದಡದಲ್ಲಿ ನೆಟ್ಟಗೆ ಬೀದಿ ಹಾಕಿ ಹೊಸದಾಗಿ ಕಟ್ಟಿದ ಊರು ಅದು. ನಡುವಿನ ಚೌಕದ ಸುತ್ತ ಮರದ ಕಂಬದ ಮೇಲೆ ನಿಂತ ಮನೆಗಳು, ಕೆಳಗೆ ನೆರಳಲ್ಲಿ ಓಡಾಡೋಕೆ ಜಗಲಿ. ಅದರಲ್ಲಿ ಒಂದು ಮನೆ ತೊಲೆಗಳ ತುದಿಗೆ ಮನುಷ್ಯರ, ಪ್ರಾಣಿಗಳ ಮುಖ ಕೆತ್ತಿದ್ದಾರೆ, ಕತ್ತೆತ್ತಿ ಒಂದೊಂದೇ ನೋಡ್ಬೇಕು. ವಾರದ ತರಕಾರಿನೂ ಅಲ್ಲೇ ಆಗುತ್ತೆ.

ಕಾರ್ಕಸೋನ್ ಅಲ್ಲಿಂದ ಮುಕ್ಕಾಲು ಗಂಟೆ ದಾರಿ, ಎರಡು ಸುತ್ತಿನ ಕೋಟೆ, 52 ಬುರುಜು. ಕೋಟೆ ಒಳಗಿನ ಬೀದಿಗಳಿಗೆ ಟಿಕೆಟ್ ಇಲ್ಲ, ಬೇಸಿಗೇಲಿ ಮಧ್ಯಾಹ್ನ ಕಾಲಿಡೋಕೆ ಜಾಗ ಇರಲ್ಲ, ಸಂಜೆ ಹೋಗಿ. ಮೊಂಸೆಗ್ಯೂರ್ ಬೇರೆ ತರ. 1207 ಮೀಟರ್ ಎತ್ತರದ ಗುಡ್ಡದ ತುದೀಲಿ ಕಾಥರ್ ಅನ್ನೋ, ಚರ್ಚ್ ಒಪ್ಪದ ಕ್ರೈಸ್ತ ಪಂಥದವರು ತಿಂಗಳುಗಟ್ಟಲೆ ಮುತ್ತಿಗೆ ತಡ್ಕೊಂಡಿದ್ರು, ಶರಣಾದ ಮೇಲೆ 1244ರ ಮಾರ್ಚ್ 16ರಂದು ನಂಬಿಕೆ ಬಿಡಲ್ಲ ಅಂದ ಇನ್ನೂರಕ್ಕೂ ಹೆಚ್ಚು ಜನರನ್ನ ಬೆಟ್ಟದ ಬುಡದಲ್ಲೇ ಸುಟ್ಟರು. ಇದನ್ನ ತಿಳ್ಕೊಂಡು ಹತ್ತಿ, ಸೆಲ್ಫಿ ಸ್ಪಾಟ್ ಅಂತ ಹೋಗ್ಬೇಡಿ. ಹತ್ತೋಕೆ ಅರ್ಧ ಗಂಟೆ ಮೇಲಾಗುತ್ತೆ, ಕಲ್ಲುದಾರಿ, ಮಂಡಿನೋವಿನವರಿಗೆ ಆಗಲ್ಲ.

ಅವರನ್ನ ನಾನು ಆಕ್ಸ್ ಲೆ ಥೆರ್ಮ್‌ಗೆ ಕಳಿಸ್ತೀನಿ. ಊರ ಮಧ್ಯದಲ್ಲೇ ಬಿಸಿನೀರಿನ ಗಂಧಕದ ಕೊಳ, ಕ್ರೂಸೇಡ್ ಅನ್ನೋ ಧರ್ಮಯುದ್ಧದಿಂದ ವಾಪಸ್ ಬಂದ ಕುಷ್ಠರೋಗಿ ಸೈನಿಕರಿಗೆ ಅಂತ 13ನೇ ಶತಮಾನದಲ್ಲಿ ಕಟ್ಟಿಸಿದ್ದು, ಈಗ ಯಾರು ಬೇಕಾದ್ರೂ ಫ್ರೀಯಾಗಿ ಕಾಲು ಇಳಿಬಿಟ್ಟು ಕೂರಬಹುದು. ವಯಸ್ಸಾದವರು ವಾಪಸ್ ಬಂದು ನನ್ನ ಹತ್ರ ಜಾಸ್ತಿ ಮಾತಾಡೋದು ಈ ಕೊಳದ ಬಗ್ಗೆನೇ.

ಕಾರ್ ಇಲ್ಲದೆ ಇದೆಲ್ಲ ಆಗಲ್ಲ, ಬಸ್ಸು ಕಡಿಮೆ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಳ್ಳಿ, ಆಟೋಮ್ಯಾಟಿಕ್ ಗಾಡಿ ಬೇಕಂದ್ರೆ ಬೇಗ ಬುಕ್ ಮಾಡಿ. ವೀಸಾ ಫೈಲಿಗೆ ಓನರ್ ಹೆಸರು, ಮನೆ ವಿಳಾಸ, ತಾರೀಖು, ಉಳಿಯೋ ಎಲ್ಲರ ಹೆಸರೂ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಬರೆದಿರೋ ಬಾಡಿಗೆ ಕರಾರು ಬೇಕು, ಅಡ್ವಾನ್ಸ್ ಕಟ್ಟೋ ದಿನಾನೇ ಅದನ್ನ ಕೇಳಿ ಇಸ್ಕೊಳ್ಳಿ. ಫ್ರೆಂಚರ ಬೇಸಿಗೆ ರಜೆಗೆ ಒಳ್ಳೇ ಮನೆಗಳು ಬೇಗ ಹೋಗಿಬಿಡ್ತಾವೆ, ಅದಕ್ಕೆ ಬರೋ ಜುಲೈಗೆ ಕೇಳೋವ್ರಿಗೆ ಜನವರೀಲೇ ಫೋನ್ ಮಾಡಿ ಅಂತೀನಿ, ಫೋನ್ ಮಾಡೋವಾಗ ಕುಕ್ಕರ್ ಮತ್ತೆ ಮ್ಯಾಗ್ನೆಟ್ ಕೈಲಿ ಇಟ್ಕೊಂಡಿರಿ.