ಕ್ವಾಲಿಸ್‌ಗೆ ಹೊಸ ಚಾವಣಿ

ಇವತ್ತು ಚಿಕ್ಕಮಗಳೂರಿನ ಕುಶನ್ ಅಂಗಡಿಯಲ್ಲಿ ನಮ್ಮ ಟೊಯೋಟಾ ಗಾಡಿ ಕ್ವಾಲಿಸ್‌ನ ರೂಫ್ ಲೈನಿಂಗ್, ಅಂದರೆ ಚಾವಣಿಯ ಒಳಗಡೆ ಅಂಟಿಸಿರೋ ಬಟ್ಟೆ, ಬಿಚ್ಚಿಸಿದೆ.

ಆ ಬಟ್ಟೆ ಜೋತು ಬಿದ್ದು ಹಿಂದೆ ಕೂತವರ ತಲೆಗೆಲ್ಲ ತಾಗುತ್ತಿತ್ತು. ಸುಮ್ನೆ ಅಂಟು ಹಚ್ಚಿದರೆ ನಿಲ್ಲಲ್ಲ. ಪುಡಿಯಾಗಿರೋದು ಬಟ್ಟೆಯ ಹಿಂದಿನ ತೆಳು ಫೋಮ್, ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಹೊಸದು ಅಂಟಿಸಿದರೆ ಮತ್ತೆ ಬೀಳೋದೇ. ಹುಡುಗ ಬ್ರಷ್ ಹಿಡಿದು ಉಜ್ಜುತ್ತಿದ್ದರೆ ಅರಿಶಿನದ ಹಾಗೆ ಪುಡಿ ಉದುರುತ್ತಿತ್ತು, ಅವನ ಹುಬ್ಬೆಲ್ಲ ಹಳದಿ.

ಇಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೂ ಗಾಡಿ ಮಾರೋಣ ಅಂತ ಮನೆಯಲ್ಲಿ ಮಾತು ಬಂದಿದ್ದು ಈ ಜೋತ ಬಟ್ಟೆಯಿಂದಲೇ. ವಿಚಿತ್ರ ಅಲ್ವಾ?

2005ರಲ್ಲಿ ಇನ್ನೋವಾ ಬಂದಾಗಲೇ ತಯಾರಿಕೆ ನಿಂತುಹೋದ ಗಾಡಿಗೆ ಇಷ್ಟೊಂದು ದುಡ್ಡು ಯಾಕೆ ಅಂತ ತಮ್ಮ ಗೊಣಗಿದ. ಅಪ್ಪ ಕಿವಿಗೇ ಹಾಕಿಕೊಳ್ಳದೆ ಬಣ್ಣ ಆರಿಸುತ್ತಾ ಕೂತರು. ಕೊನೆಗೆ ಕ್ರೀಂ ಅಂದರು. ತೋಟಕ್ಕೆ ಹೋಗಿ ಬರೋ ಗಾಡಿಗೆ ಕ್ರೀಂ!