ಹನ್ನೆರಡು ಕಂಪ್ಯೂಟರ್ ಕೆಡಿಸಿಟ್ಟ ಶನಿವಾರ

ಬೆಳಗ್ಗೆ ಎಂಟಕ್ಕೆ ಲ್ಯಾಬಿನ ಬೀಗ ತೆಗೆದಾಗ ಹನ್ನೆರಡು ಕಂಪ್ಯೂಟರುಗಳೂ ಸರಿಯಾಗಿದ್ದವು. ಒಂಬತ್ತೂವರೆಗೆ ಹುಡುಗ ಹುಡುಗಿಯರು ಒಳಗೆ ಬರುವಷ್ಟರಲ್ಲಿ ಹನ್ನೆರಡೂ ಕೆಟ್ಟಿದ್ದವು. ಕೆಡಿಸಿದವರು ಪಾಠ ಹೇಳುವ ನಾವೇ. ಒಂದೊಂದು ಯಂತ್ರಕ್ಕೆ ಒಂದೊಂದು ದೋಷ ಹಾಕಿ, ಯಾವುದಕ್ಕೆ ಏನೆಂದು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡಿದ್ದೆವು.

ದಾವಣಗೆರೆ ಕಡೆಯ ಸಣ್ಣ ತರಬೇತಿ ಕೇಂದ್ರ ಅದು. ಇಪ್ಪತ್ನಾಲ್ಕು ಜನರ ತಂಡ, ಯಂತ್ರಕ್ಕಿಬ್ಬರಂತೆ. ಕೆಲವರು ಐಟಿಐಯಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಮುಗಿಸಿದವರು, ಕೆಲವರು ಪಿಯುಸಿಗೆ ಓದು ಬಿಟ್ಟವರು, ನಾಲ್ವರು ಬಿಕಾಂ. ಎಸ್ಸೆಸ್ಸೆಲ್ಸಿ ಆದವರು ಸೇರಬಹುದಾದ ಕೋಪಾ ಒಂದು ವರ್ಷದ ಕೋರ್ಸು. ಟೈಪಿಂಗ್, ಆಫೀಸ್ ತಂತ್ರಾಂಶ, ಡೇಟಾಬೇಸ್, ವೆಬ್ ಪುಟ, ನೆಟ್‌ವರ್ಕಿನ ಮೊದಲ ಪಾಠ ಎಲ್ಲ ಅದರಲ್ಲಿವೆ. ಆದರೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಸಪೋರ್ಟ್, ಫೀಲ್ಡ್ ಎಂಜಿನಿಯರ್ ಅಥವಾ ಹೆಲ್ಪ್‌ಡೆಸ್ಕ್. ಅಲ್ಲಿಗೆ ಫೋನ್ ಬರುವುದೇ ಏನಾದರೂ ಕೆಟ್ಟಾಗ. ಚೆನ್ನಾಗಿ ನಡೆಯುವ ಯಂತ್ರದ ಮುಂದೆ ಮಾತ್ರ ಕೂತು ಕಲಿತವರಿಗೆ ಗುಂಡಿಗಳು ಗೊತ್ತಿರುತ್ತವೆ, ಒಳಗೆ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ಗೊತ್ತಿರುವುದಿಲ್ಲ. ಅದಕ್ಕೇ ತಂಡದ ಕೊನೆಯ ವಾರದಲ್ಲಿ ಇಂಥದೊಂದು ದಿನ.

ನಿಯಮ ಎರಡೇ. ಮುಟ್ಟುವ ಮೊದಲು ಕಂಡದ್ದನ್ನು ಬರೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿ ನೋಡಿ ಉಪಯೋಗವಾಗದಿದ್ದರೆ ಮೊದಲಿದ್ದಂತೆ ಮಾಡಬೇಕು. ಕಂಪ್ಯೂಟರ್ ಸಪೋರ್ಟ್ ಕೆಲಸದ ಕಾಂಪ್ಟಿಯಾ ಎ ಪ್ಲಸ್ ಪರೀಕ್ಷೆಗೆ ಓದುವವರು ಇದನ್ನೇ ಆರು ಹಂತಗಳಾಗಿ ಕಲಿಯುತ್ತಾರೆ: ತೊಂದರೆ ಏನೆಂದು ಗುರುತಿಸು, ಕಾರಣ ಊಹಿಸು, ಊಹೆಯನ್ನು ಪರೀಕ್ಷಿಸು, ಯೋಜನೆ ಮಾಡಿ ಸರಿಪಡಿಸು, ಎಲ್ಲ ನಡೆಯುತ್ತಿದೆಯೇ ನೋಡು, ಬರೆದಿಡು. ನಾಲ್ಕನೆಯದನ್ನು ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ಮೊದಲನೆಯದು ಮತ್ತು ಕೊನೆಯ ಎರಡು.

ಮೊದಲ ಎರಡು ಯಂತ್ರಗಳ ಲಕ್ಷಣ ಒಂದೇ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಒಂದರಲ್ಲಿ ರ‍್ಯಾಮ್ ಅರ್ಧ ಕೂತಿತ್ತು, ಇನ್ನೊಂದರಲ್ಲಿ ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಪವರ್ ಕೇಬಲ್ ಕಳಚಿತ್ತು. ದೊಡ್ಡ 24 ಪಿನ್ನಿನ ಕೇಬಲ್ ಇದ್ದರೆ ಫ್ಯಾನ್ ತಿರುಗಿಬಿಡುತ್ತದೆ, ನೋಡಿದವರು ‘ಪವರ್ ಸರಿಯಿದೆ’ ಎಂದುಕೊಳ್ಳುತ್ತಾರೆ. ಎರಡು ಜೋಡಿಯೂ ಮೊದಲು ಮಾನಿಟರ್ ಬದಲಿಸಿದವು. ರ‍್ಯಾಮ್ ತೆಗೆಯುವ ಮುನ್ನ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕು. ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಸ್ಲಾಟಿನಿಂದ ದೂರದಲ್ಲಿ ಒರೆಸಬೇಕು. ಕೂರಿಸುವಾಗ ಕಚ್ಚು ನೋಡಿಕೊಂಡು ಎರಡೂ ತುದಿಯನ್ನು ಸಮವಾಗಿ ಒತ್ತಬೇಕು. ಕೆಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಬದಿಗಿರುತ್ತದೆ. ಆ ಬದಿ ‘ಟಕ್’ ಎಂದ ಕೂಡಲೇ ಕೈ ಬಿಡುತ್ತಾರೆ, ಇನ್ನೊಂದು ಬದಿ ಎದ್ದೇ ಇರುತ್ತದೆ.

ಐದನೆಯ ಯಂತ್ರದ ಹತ್ತಿರ ತುಂಬಾ ಹೊತ್ತು ನಿಂತೆವು. ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಎಚ್ಚರಿಕೆ. ಬೇರೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳಿನೋಡುವ ಪಿಂಗ್ ಹೋಗುತ್ತಿದೆ, ನೆಟ್ ಇದೆ. ಜೋಡಿ ಬ್ರೌಸರ್ ಕಿತ್ತು ಹೊಸದು ಹಾಕಿತು, ಆಂಟಿವೈರಸ್ ನಿಲ್ಲಿಸಿತು. ಪರದೆಯ ಬಲಮೂಲೆಯಲ್ಲಿ 2015ರ ಜನವರಿ ಒಂದು ಎಂದಿರುವುದನ್ನು ಇಪ್ಪತ್ತು ನಿಮಿಷ ಯಾರೂ ನೋಡಲಿಲ್ಲ. ಸುರಕ್ಷಿತ ತಾಣಕ್ಕೊಂದು ಪ್ರಮಾಣಪತ್ರವಿರುತ್ತದೆ, ಅದಕ್ಕೆ ಆರಂಭದ ದಿನ ಮತ್ತು ಮುಗಿಯುವ ದಿನ ಇರುತ್ತವೆ. 2015ರಲ್ಲಿ ನಿಂತ ಯಂತ್ರಕ್ಕೆ ಈಗಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬ್ರೌಸರ್ ಒಪ್ಪುವುದಿಲ್ಲ.

ಇಷ್ಟಕ್ಕೆ ದಿನಾಂಕ ತಿದ್ದಿ ಎದ್ದುಹೋದರೆ ನಾಳೆ ಬೆಳಗ್ಗೆ ಅದೇ ಮೇಜಿನಿಂದ ಮತ್ತೆ ಫೋನ್ ಬರುತ್ತದೆ. ದಿನಾಂಕ ಹಿಂದೆ ಹೋದದ್ದೇಕೆ? ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್, ಸಿಆರ್2032, ಮೂರು ವೋಲ್ಟಿನದು. ಪ್ಲಗ್ ಕಿತ್ತಾಗ ಗಡಿಯಾರ ನಡೆಯುವುದು ಅದರ ಮೇಲೆ. ಮಲ್ಟಿಮೀಟರ್ ಇಟ್ಟರೆ 2.1 ವೋಲ್ಟ್ ತೋರಿಸಿತು, ಬೇಕೆಂದೇ ಹಳೆಯದನ್ನು ಹಾಕಿದ್ದೆವು. ಸೆಲ್ ತೆಗೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗುಗಳಿರುವ ಬಯೋಸ್ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು. ಸೆಲ್ ತೆಗೆದಾಗ ಬೂಟ್ ಕ್ರಮವೂ ಡಿಸ್ಕಿನೊಡನೆ ಯಂತ್ರ ಮಾತಾಡುವ ರೀತಿಯ (ಎಎಚ್‌ಸಿಐ ಅಥವಾ ರೇಡ್) ಆಯ್ಕೆಯೂ ಮೂಲಸ್ಥಿತಿಗೆ ಮರಳಬಹುದು. ಆಗ ಗಡಿಯಾರ ಸರಿಯಾಗಿ, ವಿಂಡೋಸ್ ಏಳದೆ ಕೂರುತ್ತದೆ. ಫೋಟೊ ಇಲ್ಲದವರು ಅಲ್ಲಿಂದ ಮುಂದೆ ಕುರುಡಾಗಿ ಹುಡುಕಬೇಕು.

ನೆಟ್‌ವರ್ಕಿನ ಮೂರು ಯಂತ್ರಗಳಿಗೆ ಒಬ್ಬೊಬ್ಬರನ್ನು ‘ಆಫೀಸಿನವರು’ ಎಂದು ಕೂರಿಸಿ, ಇನ್ನೊಬ್ಬರು ಫೋನಿನಲ್ಲೇ ವಿಚಾರಿಸಬೇಕೆಂದು ಹೇಳಿದ್ದೆವು. ಎಲ್ಲರ ದೂರೂ ಒಂದೇ ಮಾತು: “ನೆಟ್ ಬರ್ತಿಲ್ಲ.”

“ಯಾವಾಗಿಂದ ಮೇಡಂ?”

“ಬೆಳಗ್ಗೆಯಿಂದ.”

“ಪಕ್ಕದ ಸಿಸ್ಟಮ್‌ಗೆ ಬರ್ತಿದೆಯಾ ಸ್ವಲ್ಪ ನೋಡ್ತೀರಾ?”

ಈ ಕೊನೆಯ ಪ್ರಶ್ನೆ ಕೇಳಿದ ಹುಡುಗನನ್ನು ಅಲ್ಲೇ ಮೆಚ್ಚಿಕೊಂಡೆವು. ಪಕ್ಕದವರಿಗೆ ಬರುತ್ತಿದ್ದರೆ ತೊಂದರೆ ಈ ಯಂತ್ರದಲ್ಲಿ, ಇದರ ಕೇಬಲ್ಲಿನಲ್ಲಿ ಅಥವಾ ಸ್ವಿಚ್ಚಿನ ಇದರ ಪೋರ್ಟಿನಲ್ಲಿ. ಯಾರಿಗೂ ಬರದಿದ್ದರೆ ಈ ಮೇಜಿನ ಹತ್ತಿರ ಬಗ್ಗುವುದೇ ಬೇಡ.

ಆಮೇಲೆ ಪಿಂಗ್ ಒಳಗಿನಿಂದ ಹೊರಗೆ ಹೋಗಬೇಕು. ಮೊದಲು 127.0.0.1, ಯಂತ್ರದೊಳಗಿನ ನೆಟ್‌ವರ್ಕ್ ತಂತ್ರಾಂಶ ಸರಿಯಿದೆಯೇ ತಿಳಿಯಲು. ನಂತರ ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ, ಕೇಬಲ್ ಮತ್ತು ಸ್ವಿಚ್ ದಾಟುತ್ತದೆಯೇ ತಿಳಿಯಲು. ನಂತರ ಇಂಟರ್‌ನೆಟ್ಟಿನಲ್ಲಿರುವ ಗೂಗಲ್ಲಿನ 8.8.8.8, ಕಟ್ಟಡದ ಹೊರಗೆ ದಾರಿ ಇದೆಯೇ ತಿಳಿಯಲು. ಕೊನೆಗೆ ಒಂದು ತಾಣದ ಹೆಸರು. ಏಳನೆಯ ಯಂತ್ರದಲ್ಲಿ 8.8.8.8 ಉತ್ತರಿಸಿತು, ಹೆಸರು ಉತ್ತರಿಸಲಿಲ್ಲ. ಹೆಸರನ್ನು ಅಂಕಿಯ ವಿಳಾಸವಾಗಿ ತಿರುಗಿಸುವ ಡಿಎನ್‌ಎಸ್ ಸರ್ವರಿನ ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿತ್ತು. ಎಂಟನೆಯದಕ್ಕೆ ಯಂತ್ರದ ನೆಟ್‌ವರ್ಕ್ ವಿಳಾಸ (ಐಪಿ) ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟರೆ 169.254ರಿಂದ ಶುರುವಾಗುವ ವಿಳಾಸ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಏನೂ ಸಿಗದೆ ವಿಂಡೋಸ್ ತಾನೇ ಇಟ್ಟುಕೊಂಡ ವಿಳಾಸವದು. ಅದನ್ನು ನೋಡಿಯೂ “ಐಪಿ ಬಂದಿದೆ ಸರ್” ಎಂದವರು ಮೂವರು. ಒಂಬತ್ತನೆಯದಕ್ಕೆ ಬೇರೊಂದು ಯಂತ್ರದ ವಿಳಾಸವನ್ನೇ ಕೊಟ್ಟಿದ್ದೆವು. ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ಅಂಥದ್ದೇ ಹೆಚ್ಚು ಹೊತ್ತು ತಿನ್ನುವುದು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಪಕ್ಕದ ವಿಂಡೋಸ್ ಯಂತ್ರ ಪಿಂಗಿಗೆ ಉತ್ತರಿಸದಿದ್ದರೆ ಅದು ನೆಟ್‌ವರ್ಕಿನಲ್ಲಿಲ್ಲ ಎಂದಲ್ಲ. ಅದರ ಫೈರ್‌ವಾಲ್ ತಡೆಯುತ್ತಿರಬಹುದು. ಪಿಂಗ್ ಕೊಟ್ಟ ಕೂಡಲೇ ‘ಎಆರ್‌ಪಿ -ಎ’ ಆದೇಶ ಕೊಟ್ಟು, ಆ ವಿಳಾಸದೆದುರು ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತಾದ ಮ್ಯಾಕ್ ವಿಳಾಸ ಬಂದಿದೆಯೇ ನೋಡಿದರೆ ಯಂತ್ರ ಅಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.

ಊಟವಾದ ಮೇಲೆ ಕೇಬಲ್. ಈ ಒಂದು ಕೆಲಸವನ್ನು ಎಷ್ಟು ಸಲ ಮಾಡಿಸಿದರೂ ಹೆಚ್ಚಾಗುವುದಿಲ್ಲ. ಹತ್ತನೆಯ ಯಂತ್ರಕ್ಕೆ ನಾವು ಹಾಕಿದ್ದ ಕೇಬಲ್ಲಿನಲ್ಲಿ ನಾಲ್ಕನೇ ಪಿನ್ನಿನ ಎಳೆ ತುದಿ ಮುಟ್ಟಿರಲಿಲ್ಲ. “ನೆಟ್ ಬರ್ತಿದೆ ಸರ್, ಇದರಲ್ಲಿ ಏನೂ ಕೆಟ್ಟಿಲ್ಲ” ಎಂದರು. ಅಡಾಪ್ಟರಿನ ಸ್ಟೇಟಸ್ ತೆರೆಸಿದರೆ ವೇಗ 100 ಎಂಬಿಪಿಎಸ್, ಪಕ್ಕದ್ದರಲ್ಲಿ 1 ಜಿಬಿಪಿಎಸ್. ನೂರರ ವೇಗಕ್ಕೆ 1, 2, 3, 6ನೇ ಪಿನ್ನುಗಳು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದವುಗಳಲ್ಲಿ ಒಂದು ಮುರಿದರೆ ಹೆಚ್ಚಿನ ಕಾರ್ಡುಗಳು ಮಾತಿಲ್ಲದೆ ನೂರಕ್ಕೆ ಇಳಿಯುತ್ತವೆ. ಹೀಗೆ ವರ್ಷಗಟ್ಟಲೆ ನಡೆಯುವ ಆಫೀಸುಗಳಿವೆ.

ಹನ್ನೊಂದನೆಯ ಕೇಬಲ್ ಇನ್ನೂ ನಾಜೂಕಿನದು. ಟೆಸ್ಟರಿಗೆ ಹಾಕಿದರೆ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಿದವು. “ಎಲ್ಲಾ ಲೈಟೂ ಬಂತಲ್ಲ ಸರ್?” ಬಂತು. ಆದರೆ ಎರಡೂ ತುದಿಯಲ್ಲಿ ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಿಟ್ಟಿದ್ದೆವು: ಕಿತ್ತಳೆ, ಹಸಿರು, ನೀಲಿ, ಕಂದು. 3 ಮತ್ತು 6ನೇ ಪಿನ್ನುಗಳು ಒಂದೇ ಜೋಡಿಯಾಗಿರಬೇಕು. ಎರಡು ಎಳೆಗಳನ್ನು ಹುರಿ ಮಾಡಿರುವುದೇ ಹೊರಗಿನ ಗದ್ದಲ ಎರಡರ ಮೇಲೂ ಸಮವಾಗಿ ಬಿದ್ದು ಕಳೆದುಹೋಗಲಿ ಎಂದು. ಜೋಡಿ ಒಡೆದರೆ ಆ ಲಾಭ ಹೋಗುತ್ತದೆ. ಎರಡು ಮೀಟರಿನಲ್ಲಿ ನಡೆದಂತೆ ಕಾಣುವ ಇಂಥ ಕೇಬಲ್ ನಲವತ್ತು ಮೀಟರಿನಲ್ಲಿ ಕೈಕೊಡುತ್ತದೆ. ಅಗ್ಗದ ಟೆಸ್ಟರ್ ನೋಡುವುದು ತಂತಿ ತುಂಡಾಗಿದೆಯೇ, ಅದಲುಬದಲಾಗಿದೆಯೇ ಎಂಬುದನ್ನಷ್ಟೇ. ಈ ತಪ್ಪನ್ನು ಕಣ್ಣಿನಿಂದಲೇ ಹಿಡಿಯಬೇಕು.

ಹಾಗಾಗಿ ಎಲ್ಲರೂ ಒಂದೊಂದು ಕೇಬಲ್ ಮಾಡಿದರು. ಹೊರಸಿಪ್ಪೆಯನ್ನು ಮೂರು ಸೆಂಟಿಮೀಟರ್ ಸುಲಿದು, ಒಳಎಳೆಗಳಿಗೆ ಬ್ಲೇಡ್ ತಾಗಿದೆಯೇ ಎಂದು ಬಗ್ಗಿಸಿ ನೋಡಬೇಕು. ತಾಮ್ರ ಕಂಡರೆ ಕತ್ತರಿಸಿ ಮತ್ತೆ ಶುರು. ಹುರಿ ಬಿಚ್ಚುವಾಗ ಬಿಳಿ ಎಳೆಯನ್ನು ಅದರ ಜೊತೆಗಾರನಿಂದ ಬೇರೆಮಾಡಬಾರದು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಿಳಿ-ಹಸಿರೂ ಬಿಳಿ-ನೀಲಿಯೂ ಒಂದೇ ಥರ ಕಾಣುತ್ತವೆ, ತಪ್ಪುಗಳಲ್ಲಿ ಅರ್ಧ ಇಲ್ಲೇ. ಎಳೆಗಳನ್ನಿಡುವ ಟಿ568ಬಿ ಎಂಬ ಪ್ರಮಾಣಿತ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಳೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಚಪ್ಪಟೆಯಾಗಿ ಹಿಡಿದು, ಅಕ್ಕಪಕ್ಕ ಅಲ್ಲಾಡಿಸಿ ನೆಟ್ಟಗೆ ಮಾಡಿ, ಸುಮಾರು 13 ಮಿಲಿಮೀಟರ್ ಬಿಟ್ಟು ಒಂದೇ ಏಟಿಗೆ ಕತ್ತರಿಸಬೇಕು. ಕನೆಕ್ಟರಿನ ಕ್ಲಿಪ್ ಕೆಳಗಿರಲಿ, ಎಡಗಡೆಯದು ಒಂದನೇ ಪಿನ್. ತುದಿಯ ಪ್ಲಾಸ್ಟಿಕ್ಕಿನಲ್ಲಿ ಎಂಟು ತಾಮ್ರದ ಚುಕ್ಕೆಗಳು ಕಾಣುವವರೆಗೆ ತಳ್ಳಬೇಕು. ಹೊರಸಿಪ್ಪೆಯೂ ಕನೆಕ್ಟರಿನೊಳಗೆ ಹೋಗಿ, ಒತ್ತಿದಾಗ ಅದರ ಮೇಲೇ ಹಿಡಿತ ಬೀಳಬೇಕು. ಸಿಪ್ಪೆ ಹೊರಗುಳಿದ ಕೇಬಲ್ ಇವತ್ತು ಟೆಸ್ಟರಿನಲ್ಲಿ ಪಾಸಾಗುತ್ತದೆ. ಗುಡಿಸುವವರು ಮೇಜನ್ನು ನಾಲ್ಕು ಸಲ ಸರಿಸಿದ ಮೇಲೆ ಕಿತ್ತುಬರುತ್ತದೆ.

ಇಪ್ಪತ್ನಾಲ್ಕು ಕೇಬಲ್ಲಿಗೆ ನಲವತ್ತೆಂಟು ಕನೆಕ್ಟರ್ ಸಾಕಿತ್ತು, ಅರವತ್ತೇಳು ಖರ್ಚಾದವು. ಒಮ್ಮೆ ಒತ್ತಿದ್ದನ್ನು ಮತ್ತೆ ಬಳಸಲಾಗದು. ಇದನ್ನು ದಂಡವೆಂದು ಎಣಿಸುವ ಕೇಂದ್ರಗಳಿವೆ, ಅಲ್ಲಿ ಶಿಕ್ಷಕರು ಒಂದು ಮಾಡಿ ತೋರಿಸಿ ಮುಗಿಸುತ್ತಾರೆ. ಹತ್ತೊಂಬತ್ತು ಹಾಳಾದ ಕನೆಕ್ಟರುಗಳಿಂದಲೇ ಹುಡುಗರ ಬೆರಳು ಕಲಿತದ್ದು. ಉಳಿಸಬೇಕಾದ ದುಡ್ಡನ್ನು ಬೇರೆಡೆ ಉಳಿಸಲಿ. ಕೇಬಲ್ಲಿನಲ್ಲಂತೂ ಉಳಿಸಬಾರದು. 305 ಮೀಟರಿನ ಪೆಟ್ಟಿಗೆ ಎತ್ತಿದಾಗ ಹಗುರವೆನಿಸಿದರೆ, ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಬೇಗ ಮುರಿಯುತ್ತದೆ, ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ.

ಹನ್ನೆರಡನೆಯ ಯಂತ್ರದಲ್ಲಿ ಯಂತ್ರವೇನೂ ಕೆಟ್ಟಿರಲಿಲ್ಲ. ಒಂದು ವರ್ಡ್ ಕಡತ, ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಜೋಡಿ ಆಫೀಸ್ ತಂತ್ರಾಂಶವನ್ನೇ ಮರುಸ್ಥಾಪಿಸಲು ಹೊರಟಿತ್ತು. ಕರ್ನಾಟಕದಲ್ಲಿ ಕೆಲಸಕ್ಕೆ ಸೇರುವವರಿಗೆ ಈ ದೂರು ಬಂದೇ ಬರುತ್ತದೆ, ಆದರೂ ಹೊರಗಿನ ಪಠ್ಯಗಳಲ್ಲಿ ಇದು ಸಿಗುವುದು ಅಪರೂಪ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತದೊಳಗೆ ಇರುವುದು ಕನ್ನಡದ ಸಂಕೇತವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಉಡುಪು ಕಳಚಿಬೀಳುತ್ತದೆ. ಮೊದಲು ಆ ಫಾಂಟ್ ಹಾಕಿ ಓದಲು ಬರುವಂತೆ ಮಾಡಬೇಕು, ಆಮೇಲೆ ಕಡತದ ಪ್ರತಿಯೊಂದನ್ನು ಪರಿವರ್ತಕದಿಂದ, ಕನ್ನಡಕ್ಕೆ ಸ್ವಂತ ಸಂಕೇತಗಳಿರುವ ಯುನಿಕೋಡಿಗೆ ತರಬೇಕು. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿರುಗಿಸಿ ಕೆಡಿಸಬಹುದು. ಹಾಗಾಗಿ ಅವನ್ನು ಬೇರೆಯಿಟ್ಟು, ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಬೇಕು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಯಾರದೋ ಹೊಲ ಯಾರದೋ ಹೆಸರಿಗೆ ಕಾಣುತ್ತದೆ.

ನಾಲ್ಕು ಗಂಟೆಗೆ ಟಿಕೆಟ್, ಎಂದರೆ ದೂರಿನ ದಾಖಲೆ, ಬರೆಯುವ ಕೆಲಸ. ಹೆಚ್ಚಿನವರು ಬರೆದದ್ದು ‘ಸಿಸ್ಟಮ್ ಪ್ರಾಬ್ಲಮ್ ಇತ್ತು, ಸರಿ ಮಾಡಲಾಗಿದೆ’ ಎಂದು. ಎಲ್ಲವನ್ನೂ ವಾಪಸ್ ಕೊಟ್ಟೆವು. ಏನು ಕಂಡಿತು, ಏನೇನು ಪರೀಕ್ಷಿಸಲಾಯಿತು, ಕಾರಣವೇನು, ಏನು ಬದಲಿಸಲಾಯಿತು, ಸರಿಯಾದದ್ದು ಹೇಗೆ ಖಾತ್ರಿಯಾಯಿತು. ಇನ್ನೊಬ್ಬರು ಓದಿದರೆ ಇದೇ ಯಂತ್ರವನ್ನು ಮೊದಲಿಂದ ಹುಡುಕಬೇಕಾಗಬಾರದು. ಎರಡನೇ ಸಲ ಬಂದವು ಚೆನ್ನಾಗಿದ್ದವು.

ಐದನೆಯ ಯಂತ್ರದವರು ‘ಸೆಲ್ 2.1 ವೋಲ್ಟ್, ಹೊಸದು ಹಾಕಿದೆ, 3.2 ವೋಲ್ಟ್, ದಿನಾಂಕ ತಿದ್ದಿದೆ, ತಾಣಗಳು ತೆರೆಯುತ್ತಿವೆ, ಟಿಕೆಟ್ ಮುಕ್ತಾಯ’ ಎಂದು ಬರೆದಿದ್ದರು. ಪವರ್ ಕೇಬಲ್ ಇನ್ನೂ ಯಂತ್ರದಲ್ಲೇ ಇತ್ತು.

“ಪ್ಲಗ್ ಕಿತ್ತು ನೋಡಿದ್ರೇನಮ್ಮ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬಳು ‘ಮುಕ್ತಾಯ’ವನ್ನು ಹೊಡೆದುಹಾಕಿ ‘ಸೋಮವಾರ 9.30ಕ್ಕೆ ಗಡಿಯಾರ ನೋಡಬೇಕು’ ಎಂದು ಬರೆದಳು. ಇನ್ನೊಬ್ಬಳು ಬಗ್ಗಿ ಪ್ಲಗ್ ಕಿತ್ತು, ವಯರನ್ನು ಸುತ್ತಿ ಕ್ಯಾಬಿನೆಟ್ಟಿನ ಮೇಲಿಟ್ಟಳು.